ಕಟ್ಟಡ ಸಂರಕ್ಷಣೆ ಓದಿ ಕಾಸರಗೋಡಿನಲ್ಲೇ ಕೆಲಸ ಮಾಡ್ಲಿಕ್ಕೆ ಆಗ್ತದಾ?

ಪಯಸ್ವಿನಿ ದಡ
ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಹಳೆ ಕಟ್ಟಡಗಳ ಸಂರಕ್ಷಣೆಯಲ್ಲಿ ಎಂ.ಆರ್ಕ್ (ಸ್ನಾತಕೋತ್ತರ ಪದವಿ) ಮಾಡುವ ಯೋಚನೆ ಉಂಟು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಇಲ್ಲಿ ಹಳೇ ಮನೆ ಕೆಡವುವವರೇ ಜಾಸ್ತಿ, ಉಳಿಸುವವರು ಯಾರಿದ್ದಾರೆ? ಡೆಲ್ಲಿಯೋ ಜೈಪುರವೋ ಸೇರಬೇಕಷ್ಟೆ, ಅಂತ. ಈ ಕೆಲಸದಲ್ಲಿ ಇರುವವರು ಹೇಳಿ. ಎಂ.ಆರ್ಕ್ ಇಲ್ಲದೆ ಆಗುವುದಿಲ್ಲವಾ? ದಿನನಿತ್ಯ ಮಾಡುವ ಕೆಲಸ ಎಂತದ್ದು? ನಮ್ಮ ಜಿಲ್ಲೆಯ ಹೊಸದುರ್ಗದಿಂದ ಮಂಗಳೂರಿನವರೆಗೆ ಒಬ್ಬರಿಗೆ ಸಾಕಾಗುವಷ್ಟು ಕೆಲಸ ಸಿಗ್ತದಾ?

ಕುಂಬಳೆ ಕಟ್ಟೆ
ಕೆಲಸ ಬೇಕಾದಷ್ಟು ಉಂಟು. ದುಡ್ಡು ಕೊಡುವವರು ಉಂಟಾ ಅಂತ ಕೇಳಿ.

ಲೆವೆಲ್ ಟ್ಯೂಬ್
ಮೊದಲ ಪ್ರಶ್ನೆಗೆ ಉತ್ತರ. ಸಂರಕ್ಷಣೆಗೆ ಅಂತ ಬೇರೆ ಲೈಸೆನ್ಸ್ ಇಲ್ಲ. 1972ರ ಆರ್ಕಿಟೆಕ್ಟ್ಸ್ ಆ್ಯಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದ ಯಾರೂ ಮಾಡಬಹುದು. ಆದರೆ ಸರ್ಕಾರಿ ಇಲಾಖೆ, ಟ್ರಸ್ಟುಗಳು ಸಲಹೆಗಾರರನ್ನು ತೆಗೆದುಕೊಳ್ಳುವಾಗ ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಪದವಿ ಕೇಳುವುದು ಮಾಮೂಲು. ಅದಿಲ್ಲದಿದ್ದರೆ ನಿಮ್ಮ ಅರ್ಜಿ ಮೊದಲ ಸುತ್ತಿನಲ್ಲೇ ಹೊರಗೆ.

ಕೋರ್ಸು ಎರಡು ವರ್ಷದ್ದು. ಡೆಲ್ಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್‌ನಲ್ಲಿ ಉಂಟು, ಅಹಮದಾಬಾದಿನ ಸೆಪ್ಟ್‌ನಲ್ಲಿ ಉಂಟು. ಗೇಟ್ ಪ್ರವೇಶ ಪರೀಕ್ಷೆ ಪಾಸಾಗಿ ಸೇರಿದರೆ ಮಾನ್ಯತೆ ಇರುವ ಕಡೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗ್ತದೆ, ಅದನ್ನು ಬಿಡಬೇಡಿ. ಕಾಲೇಜು ಆರಿಸುವಾಗ ಕಟ್ಟಡದ ಅಂದ ನೋಡಬೇಡಿ. ಗಾರೆ ಪರೀಕ್ಷೆ ಮಾಡುವ ಲ್ಯಾಬ್ ಉಂಟಾ, ಸೈಟಿನಲ್ಲಿ ಎಷ್ಟು ವಾರ ಕೂರಿಸ್ತಾರೆ, ಅದನ್ನು ಹಳೇ ವಿದ್ಯಾರ್ಥಿಗಳಲ್ಲಿ ಕೇಳಿ. ವೆನಿಸ್ ಚಾರ್ಟರ್ 1964, ಬುರ್ರಾ ಚಾರ್ಟರ್ 1979, ನಾರಾ 1994, ಸಂರಕ್ಷಣೆಯ ಈ ತತ್ವಪತ್ರಗಳನ್ನೆಲ್ಲಾ ಪುಸ್ತಕದಲ್ಲಿ ಓದಬಹುದು. ಹಸಿ ಗೋಡೆಯನ್ನು ಓದ್ಲಿಕ್ಕೆ ಗೋಡೆಯ ಎದುರೇ ನಿಲ್ಲಬೇಕು.

ಮಂಜೇಶ್ವರ ಸೈಡ್
@ಲೆವೆಲ್ ಟ್ಯೂಬ್ ಒಂದು ತಿದ್ದುಪಡಿ. ನೋಂದಣಿ ಇಲ್ಲದವರು ಕೆಲಸವೇ ಮಾಡಬಾರದು ಅಂತ ಕಾಯ್ದೆಯಲ್ಲಿ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ: 37ನೇ ಸೆಕ್ಷನ್ ತಡೆಯುವುದು 'ಆರ್ಕಿಟೆಕ್ಟ್' ಎಂಬ ಹೆಸರು ಬಳಸುವುದನ್ನು, ಕೆಲಸವನ್ನಲ್ಲ. ಅದಕ್ಕೇ ನಮ್ಮಲ್ಲಿ ಗುತ್ತಿಗೆದಾರರು, ವಾಸ್ತು ನೋಡುವವರು, ಎಂಜಿನಿಯರುಗಳು ಎಲ್ಲರೂ ಹಳೇ ಕಟ್ಟಡಕ್ಕೆ ಕೈ ಹಾಕ್ತಾರೆ. ನಿಮ್ಮ ಸ್ಪರ್ಧೆ ಇರುವುದು ಅವರ ಜೊತೆ.

ಲೆವೆಲ್ ಟ್ಯೂಬ್
ಸರಿ, ಒಪ್ಪಿದೆ. ನಾನು ಹೇಳಿದ್ದು ನೋಂದಣಿ ಆದವರಿಗೆ ಮೇಲೊಂದು ಪರವಾನಗಿ ಬೇಡ ಅಂತ.

ಮುರಕಲ್ಲು
ದಿನನಿತ್ಯದ ಕೆಲಸ ಕೇಳಿದಿರಲ್ಲ. ನೂರಕ್ಕೆ ಎಪ್ಪತ್ತು ಪಾಲು ಅಳತೆ, ಫೋಟೋ, ಬರವಣಿಗೆ. ಡಿಸೈನ್ ಅಂತ ಕುಣಿಯುವವರಿಗೆ ಇದು ಹೇಳಿಸಿದ ಕೆಲಸ ಅಲ್ಲ.

ಒಂದು ಗುತ್ತಿನ ಮನೆ (ತುಳುನಾಡಿನ ಹಳೇ ದೊಡ್ಡ ಮನೆತನದ ಮನೆ) ಅಂತ ಇಟ್ಟುಕೊಳ್ಳಿ. ಮೊದಲು ನೀರಿನ ಟ್ಯೂಬ್ ಅಥವಾ ಲೇಸರ್ ಇಟ್ಟು ಇಡೀ ಮನೆಗೆ ಒಂದು ಸಮಮಟ್ಟದ ಗೆರೆ ಎಳೆಯಬೇಕು. ಎತ್ತರಗಳೆಲ್ಲ ಆ ಗೆರೆಯಿಂದ. ನೆಲದಿಂದ ಅಳೆದರೆ ಕೆಟ್ಟಿರಿ, ಹಳೇ ನೆಲ ಎಲ್ಲಿಯೂ ಸಮ ಇರುವುದಿಲ್ಲ. ಪ್ರತಿ ಕೋಣೆಗೆ ನಾಲ್ಕು ಬದಿಯ ಜೊತೆ ಎರಡು ಕರ್ಣದ ಅಳತೆ ಬೇಕೇ ಬೇಕು; ಇಲ್ಲದಿದ್ದರೆ ವಾರೆ ಇರುವ ಕೋಣೆ ನಕ್ಷೆಯಲ್ಲಿ ಚೌಕ ಆಗ್ತದೆ. ಬಾಗಿಲಿನ ಅಳತೆಯನ್ನು ಒಂದೇ ಮೂಲೆಯಿಂದ ಟೇಪ್ ಎತ್ತದೆ ಓದಿಕೊಂಡು ಹೋಗಬೇಕು. ತುಂಡು ತುಂಡು ಅಳೆದು ಕೂಡಿಸಿದರೆ ತಪ್ಪೂ ಕೂಡ್ತದೆ. ನಕ್ಷೆ 1:50, ಬಾಗಿಲು, ಕಂಬ, ಬೋದಿಗೆಯ (ಕಂಬದ ತಲೆಯ) ವಿವರ 1:20 ಅಥವಾ 1:10. ಫೋಟೋಗ್ರಾಮೆಟ್ರಿ (ಫೋಟೋಗಳಿಂದ ಅಳತೆ ತೆಗೆಯುವುದು) ಮಾಡುವುದಾದರೆ ಒಂದು ಫೋಟೋ ಇನ್ನೊಂದರ ಮೇಲೆ 60–80 ಶೇಕಡಾ ಕೂರಬೇಕು.

ಆಮೇಲೆ ಹಾನಿ ನಕ್ಷೆ: ಎಲ್ಲಿ ಹಸಿ, ಎಲ್ಲಿ ಉಪ್ಪು, ಎಲ್ಲಿ ಬಿರುಕು, ಯಾವ ಪಕ್ಕಾಸಿನ (ಛಾವಣಿಯ ಇಳಿಜಾರು ಮರದ) ತುದಿ ಕೊಳೆತಿದೆ. ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಬೇಕು. ಗಾಜು ಒಡೆದರೆ ಬಿರುಕು ಇನ್ನೂ ಓಡ್ತಾ ಉಂಟು ಅಂತ ಲೆಕ್ಕ. ಒಂದು ಮಳೆಗಾಲ, ಒಂದು ಬೇಸಿಗೆ ನೋಡದೆ ತೀರ್ಮಾನ ಬರೆಯಬಾರದು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು, ಮಾರ್ಚಿನಲ್ಲಿ ನೋಡಿದ ಗೋಡೆ ಜುಲೈಯಲ್ಲಿ ಬೇರೆಯೇ.

ಇನ್ನೊಂದು: ಹಳೇ ಮನೆಯ ಅಳತೆಯನ್ನು 72 ಸೆಂ.ಮೀ.ನಿಂದ ಭಾಗಿಸಿ ನೋಡಿ. ಹಿಂದಿನವರ ಅಳತೆಯಾದ 24 ಅಂಗುಲದ ಕೋಲು ಸುಮಾರು ಅಷ್ಟೇ. ಸುತ್ತಳತೆ ಕೋಲು-ಅಂಗುಲದಲ್ಲಿ ಸರಿಯಾಗಿ ಕೂತರೆ ಮೂಲ ಗೋಡೆ ಯಾವುದು, ನಂತರ ಸೇರಿಸಿದ್ದು ಯಾವುದು ಅಂತ ತಿಳಿಯುತ್ತದೆ.

ಚೆರ್ಕಳ ಸಿವಿಲ್
ಇಷ್ಟೆಲ್ಲ ಯಾಕೆ? ಗೋಡೆ ಹಸಿಯಾದರೆ ಕೆರೆದು ವಾಟರ್‌ಪ್ರೂಫ್ ಸೇರಿಸಿದ ಸಿಮೆಂಟ್ ಸಾರಣೆ (ಪ್ಲಾಸ್ಟರ್) ಮಾಡಿದರಾಯಿತು. ಎಷ್ಟು ಹಳೇ ಮನೆಗಳಿಗೆ ಮಾಡಿದ್ದಾರೆ, ನಿಂತಿವೆ ತಾನೇ?

ಸುಣ್ಣದ ಗೂಡು
@ಚೆರ್ಕಳ ಸಿವಿಲ್ ನಿಂತಿರುವುದು ಸಾರಣೆ ಸರ್, ಅದರ ಹಿಂದಿನ ಕಲ್ಲು ಅಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ, ಲ್ಯಾಟರೈಟ್) ಒಳಗೆ ತೂತು ತೂತು, ತೂತಿನಲ್ಲಿ ಜೇಡಿ. ನೆಲದ ನೀರು ಅದರ ಮೂಲಕ ಮೇಲೆ ಏರ್ತದೆ. ಮೊದಲು ಸುಣ್ಣದ ಸಾರಣೆಯ ಮೂಲಕ ಎರಡಡಿ ಎತ್ತರದಲ್ಲೇ ಆವಿಯಾಗಿ ಹೋಗ್ತಿತ್ತು. ಸಿಮೆಂಟಿನಿಂದ ಬಾಗಿಲು ಮುಚ್ಚಿದಿರಿ, ಈಗ ನೀರು ಸಾರಣೆ ಮುಗಿಯುವ ಕಡೆವರೆಗೆ ಏರಿ ಅಲ್ಲಿ ಹೊರಗೆ ಬರ್ತದೆ. ಗೋಡೆಯ ತಲೆಯಲ್ಲಿ ಇರುವುದು ಮರದ ಅಡ್ಡ. ಅದು ಕೊಳೆಯುತ್ತದೆ, ಪಕ್ಕಾಸಿನ ತುದಿ ಹೋಗ್ತದೆ, ಮಾಡು (ಛಾವಣಿ) ಕುಸಿದು ಕೂರ್ತದೆ. ಕೊನೆಗೆ "ಮರ ಹಳತಾಗಿತ್ತು" ಅಂತ ಹೇಳಿ ಸ್ಲ್ಯಾಬ್ ಹಾಕ್ತಾರೆ.

ಎರಡನೆಯದು ಗಡಸುತನ. ಸಾರಣೆ ಕಲ್ಲಿಗಿಂತ ಮೆದು ಇರಬೇಕು. ಸಿಮೆಂಟ್ ಸಾರಣೆ ಬಿಸಿಲಿಗೆ ಬಿರಿದು ಬೀಳುವಾಗ ಕಲ್ಲಿನ ಮುಖವನ್ನೂ ಅರ್ಧ ಇಂಚು ಎಳೆದುಕೊಂಡೇ ಬೀಳುವುದು. ಒಂದು ತುಂಡನ್ನು ಮಗುಚಿ ನೋಡಿ, ಹಿಂದೆ ಕೆಂಪು ಕಲ್ಲಿನ ಹೊಟ್ಟು ಗಟ್ಟಿಯಾಗಿ ಅಂಟಿರುತ್ತದೆ, ಅದರ ಹಿಂದೆ ಬಿಳಿ ಉಪ್ಪಿನ ಪುಡಿ.

ಚೆರ್ಕಳ ಸಿವಿಲ್
"ಗೋಡೆ ಉಸಿರಾಡ್ತದೆ" ಅಂತ ಹೇಳುವ ಪಾರ್ಟಿ ಬಂತು :)

ಸುಣ್ಣದ ಗೂಡು
ಗೋಡೆ ಉಸಿರಾಡುವುದಿಲ್ಲ, ಆವಿ ಹೋಗ್ತದೆ ಅಷ್ಟೆ. ಫಿಸಿಕ್ಸ್ ಮಾರಾಯ್ರೆ, ಕವಿತೆ ಅಲ್ಲ.

ಮಂಜೇಶ್ವರ ಸೈಡ್
ಇಬ್ಬರಿಗೂ ಒಂದು ಮಾತು. ಹಾಕಿದ ಸಿಮೆಂಟನ್ನೆಲ್ಲ ಕಿತ್ತು ಹಾಕುತ್ತೇನೆ ಅಂತ ಹೊರಡುವುದೂ ತಪ್ಪು. ಸಣ್ಣ ಉಳಿಯಿಂದ ಅಂಚಿನಲ್ಲಿ ಒಂದಡಿ ಜಾಗ ಬಿಡಿಸಿ ನೋಡಿ. ಕಲ್ಲಿನ ಮುಖ ಬಾರದೆ ಬಿಡುವುದಾದರೆ ತೆಗೆಯಿರಿ, ಕಲ್ಲೇ ಬರ್ತಾ ಉಂಟಾದರೆ ಸದ್ಯಕ್ಕೆ ಬಿಟ್ಟುಬಿಡಿ. ಮತ್ತೆ ಮೊದಲು ಗೋಡೆಗೆ ಕೈ ಹಾಕಬಾರದು, ಅಂಗಳಕ್ಕೆ ಹಾಕಬೇಕು. ಈಗ ಎಲ್ಲ ಕಡೆ ಇಂಟರ್‌ಲಾಕ್ ಹಾಕಿ ಅಂಗಳವನ್ನು ಜಗಲಿಯ ಮಟ್ಟಕ್ಕೆ ತಂದಿದ್ದಾರೆ. ಮಾಡಿನ ನೀರು ಅಲ್ಲಿ ಬಿದ್ದು ನೇರ ಗೋಡೆಗೆ ಹಾರ್ತದೆ. ಅಂಗಳವನ್ನು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಇಳಿಸಿ, ಹೊರಕ್ಕೆ ಇಳಿಜಾರು ಕೊಟ್ಟು, ಒಂದು ಮಳೆಗಾಲ ಬಿಟ್ಟು ನೋಡಿದರೆ ಅರ್ಧ ಮನೆಗಳಿಗೆ ಬೇರೆ ಮದ್ದೇ ಬೇಡ.

ಎರಡು ಮೊಳೆ ಚುಚ್ಚಿ ಹಸಿ ತೋರಿಸುವ ಮೀಟರನ್ನು ಗೋಡೆಗೆ ನಂಬಬೇಡಿ. ಅದು ವಿದ್ಯುತ್ ಹರಿಯುವುದನ್ನು ಅಳೆಯುವುದು. ಉಪ್ಪು ಇದ್ದರೆ ಒಣ ಗೋಡೆಗೂ ಹಸಿ ಅಂತ ತೋರಿಸ್ತದೆ. ಬೇಕಲ, ಕುಂಬಳೆ ಕಡೆ ಸಮುದ್ರದ ಗಾಳಿಯಲ್ಲೇ ಉಪ್ಪು. ಬೇರೆ ಬೇರೆ ಎತ್ತರದಲ್ಲಿ ಡ್ರಿಲ್ ಹಾಕಿ ಪುಡಿ ತೆಗೆದು, ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಗಿ. ಅದು ಲೆಕ್ಕ.

ಪಯಸ್ವಿನಿ ದಡ
ಇದೆಲ್ಲ ಕಾಲೇಜಿನಲ್ಲಿ ಬರಲೇ ಇಲ್ಲ! ಸುಣ್ಣದ ಕೆಲಸ ಸ್ವಲ್ಪ ವಿವರವಾಗಿ ಹೇಳ್ತೀರಾ?

ಸುಣ್ಣದ ಗೂಡು
ನಮ್ಮಲ್ಲಿ ಹಳೆಯದು ಚಿಪ್ಪಿನ ಸುಣ್ಣ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಹೊಯ್ಯಬಾರದು. ಕುದಿದು ಹಾರ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಅಂತಲೇ. ಕನ್ನಡಕ, ಕೈಗವಸು ಬೇಕೇ ಬೇಕು. ಸೋಸಿ, ಮೇಲೆ ನೀರು ನಿಲ್ಲುವ ಹಾಗೆ ಮುಚ್ಚಿಟ್ಟು ಕನಿಷ್ಠ ಎರಡು ವಾರ, ಸಾರಣೆಗಾದರೆ ತಿಂಗಳುಗಟ್ಟಲೆ ಮಾಗಿಸಬೇಕು. ಅವಸರ ಮಾಡಿದರೆ ಅರಳದೆ ಉಳಿದ ಕಾಳು ಗೋಡೆಯ ಮೇಲೆ ಅರಳಿ ಗುಳಿ ಗುಳಿ ಎದ್ದು ಬರ್ತದೆ.

ಮಿಶ್ರಣ ಸಾಮಾನ್ಯವಾಗಿ ಒಂದು ಸುಣ್ಣಕ್ಕೆ ಮೂರು ಮರಳು, ಅಳತೆ ಡಬ್ಬಿಯಲ್ಲಿ. ಮರಳು ದೊಡ್ಡದು-ಸಣ್ಣದು ಬೆರೆತು ಚೂಪಾಗಿರಬೇಕು. ಕಡಲ ಮರಳು ಬೇಡವೇ ಬೇಡ. ಹಸಿ ಜಾಗಕ್ಕೆ ಇಟ್ಟಿಗೆ ಪುಡಿ ಸೇರಿಸಿದರೆ ನೀರಿನಲ್ಲೂ ಗಟ್ಟಿಯಾಗ್ತದೆ. ಒಂದು ಕೋಟು 10–12 ಮಿ.ಮೀ. ದಾಟಬಾರದು. ಗೋಡೆ ನೆನೆಸಿ, ಒತ್ತಿ ಹಚ್ಚಿ, ಒದ್ದೆ ಗೋಣಿ ಹೊದೆಸಿ. ಬಿಸಿಲಿಗೆ ಒಮ್ಮೆಲೇ ಒಣಗಿದರೆ ಪುಡಿ ಪುಡಿ. ಮಳೆಯಲ್ಲಿ ಹಚ್ಚಿದರೆ ರಂಧ್ರದಲ್ಲಿ ನೀರು ತುಂಬಿ ಗಾಳಿ ಒಳಗೆ ಹೋಗದೆ ಗಟ್ಟಿಯೇ ಆಗುವುದಿಲ್ಲ. ಹಾಗಾಗಿ ಹೊರಗಿನ ಕೆಲಸ ತುಲಾ ಮಳೆ ನಿಂತ ಮೇಲೆ ನವೆಂಬರಿನಿಂದ ಫೆಬ್ರವರಿ ಒಳಗೆ. ಗಟ್ಟಿ ಆಗಿದೆಯೋ ನೋಡಲು ಮುರಿದ ತುಂಡಿಗೆ ಫಿನಾಲ್ಫ್‌ಥಲೀನ್ ಸಿಂಪಡಿಸಿ. ಗುಲಾಬಿ ಬಣ್ಣ ಬಂದ ಭಾಗ ಇನ್ನೂ ಆಗಿಲ್ಲ.

ಚಂದ್ರಗಿರಿ ಲ್ಯಾಬ್
ಇದಕ್ಕೆ ಸೇರಿಸ್ತೇನೆ. ಹಳೇ ಗಾರೆಯನ್ನು ಆಸಿಡ್‌ನಲ್ಲಿ ಕರಗಿಸಿ ಸುಣ್ಣ ಎಷ್ಟು, ಮರಳು ಎಷ್ಟು ಅಂತ ಹೇಳುವ ವಿಧಾನ ಎಲ್ಲ ಕೋರ್ಸಿನಲ್ಲೂ ಕಲಿಸ್ತಾರೆ. ಕರಾವಳಿಯಲ್ಲಿ ಅದು ಕೈ ಕೊಡ್ತದೆ. ಮರಳಿನಲ್ಲಿ ಚಿಪ್ಪಿನ ಚೂರು ಇದ್ದರೆ ಅದೂ ಕರಗಿ ಸುಣ್ಣದ ಲೆಕ್ಕಕ್ಕೆ ಸೇರ್ತದೆ. ವರದಿಯಲ್ಲಿ 1:1 ಅಂತ ಬಂದಿದ್ದರೆ ಅನುಮಾನ ಪಡಿ. ಮೊದಲು ಭೂತಗನ್ನಡಿಯಲ್ಲಿ ತುಂಡನ್ನು ನೋಡಿ, ಆಗುವುದಾದರೆ ತೆಳು ಸೀಳು ಮಾಡಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಆಮೇಲೆ ಆಸಿಡ್. ಅಂಗಡಿಯ ಪ್ಯಾಕೆಟ್ ಸುಣ್ಣಕ್ಕೂ ಹಾಗೆ: ಒಂದು ಚಿಟಿಕೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ. ಬುರಬುರ ನೊರೆ ಬಂದರೆ ಅದು ಗೋದಾಮಿನಲ್ಲೇ ಗಾಳಿ ಕುಡಿದು ಸತ್ತ ಸುಣ್ಣ.

ಕುಂಬಳೆ ಕಟ್ಟೆ
ಬೆಲ್ಲ, ಅಣಲೆಕಾಯಿ ಹಾಕ್ತಾರಲ್ಲ, ಅದು?

ಚಂದ್ರಗಿರಿ ಲ್ಯಾಬ್
ಹಾಕ್ತಾರೆ. ತ್ರಿಶೂರಿನ ವಡಕ್ಕುನ್ನಾಥನ್ ದೇವಸ್ಥಾನದ ಸಂರಕ್ಷಣೆಗೆ 2015ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಗಳಲ್ಲಿ ಅತ್ಯುನ್ನತವಾದದ್ದು ಬಂತು, ಅಲ್ಲಿ ಸಾಂಪ್ರದಾಯಿಕ ಗಾರೆಯನ್ನೇ ಬಳಸಿದ್ದು. ಆದರೆ ಬೆಲ್ಲದ ನೀರು ಹೆಚ್ಚಾದರೆ ಗಾರೆ ಸೆಟ್ ಆಗುವುದು ತಡ, ಬೂಸಲು ಬರ್ತದೆ, ಇರುವೆ ಬೇರೆ. ಒಂದು ಚದರ ಮೀಟರ್ ಮಾದರಿ ಹಚ್ಚಿ ನೋಡದೆ ಇಡೀ ಗೋಡೆಗೆ ಹೋಗಬೇಡಿ.

ಅಕ್ಕಲಕೋಟಿ ವಾಡೆ
ನೀವೆಲ್ಲ ಮುರಕಲ್ಲು ಮುರಕಲ್ಲು ಅಂತೀರಿ. ನಮ್ಮ ಕಡಿ ಕರಿಕಲ್ಲಿನ ವಾಡೆ, ಮ್ಯಾಲ ಇಟ್ಟಂಗಿ, ಮಾಳಿಗಿ ಮಣ್ಣಿಂದು. ಇಲ್ಲಿ ಕಲ್ಲಿಗೆ ಏನೂ ಆಗಂಗಿಲ್ಲ, ರೋಗ ಇರೋದೆಲ್ಲ ಮಾಳಿಗ್ಯಾಗ. ವರ್ಷಾ ವರ್ಷಾ ಸೋರ್ತದ ಅಂತ ಹೊಸಾ ಕರಲು ಮಣ್ಣು ಹಾಕ್ಕೋತ ಹೋಗ್ತಾರ, ಹಳೇದು ತಗಿಯಂಗಿಲ್ಲ. ಆರು ಇಂಚಿಂದು ಎರಡಡಿ ಆಗ್ತದ. ತೊಲಿ ಬಾಗ್ತದ. ಆಮ್ಯಾಲ ಬಂದ ಎಂಜಿನಿಯರು ತೊಲಿ ಕೆಟ್ಟದ ಅಂತ ಬರೀತಾನ. ಮೊದಲ ಮಣ್ಣು ಇಳಿಸ್ರಿ, ತೊಲಿ ಬಡದು ಸಪ್ಪಳಾ ಕೇಳ್ರಿ, ಆಮ್ಯಾಲ ಮಾತಾಡ್ರಿ. ಆದರ ಮಣ್ಣು ಒಂದ ಕಡಿಂದ ಇಳಿಸಬ್ಯಾಡ್ರಿ, ಭಾರ ಒಂದ ಬಾಜೂಕ ಉಳದು ಗೋಡಿ ಹೊರಗ ಒದೀತದ. ನಡುವಿಂದ ಎರಡೂ ಕಡಿ ಸಮಾ ಇಳಿಸಬೇಕು.

ತಂಗಿ, ಕಾಸರಗೋಡಿನ್ಯಾಗ ಕೆಲಸ ಸಿಗಲಿಲ್ಲ ಅಂದ್ರ ಈ ಕಡಿ ಬಾ.

ಪಕ್ಕಾಸು-ರೀಪು
ಮಾಡಿನ ವಿಷಯ ಬಂತು ಅಂತ ಹೇಳ್ತೇನೆ. ಮಂಗಳೂರು ಹೆಂಚು ಅಂತ ಎಲ್ಲವೂ ಒಂದೇ ಅಲ್ಲ. 1865ರಲ್ಲಿ ಬಾಸೆಲ್ ಮಿಶನ್ ಕಾರ್ಖಾನೆ ಶುರುವಾದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಂದೊಂದರ ಅಚ್ಚು ಒಂದೊಂದು. ಒಂದರ ಕೊಕ್ಕೆ ಇನ್ನೊಂದರ ತೋಡಿಗೆ ಕೂರುವುದಿಲ್ಲ, ಗಾಳಿ ಮಳೆಗೆ ನೀರು ಒಳಗೆ. ಇಳಿಸುವಾಗಲೇ ಹಿಂದಿನ ಮುದ್ರೆ ನೋಡಿ ಬೇರೆ ಬೇರೆ ರಾಶಿ ಮಾಡಬೇಕು. ಬೆರಳಿನಿಂದ ತಟ್ಟಿ, ಟಣ್ ಅಂದರೆ ಒಳ್ಳೆಯದು, ಮಂಕು ಸಪ್ಪಳ ಬಂದರೆ ಒಡಕು. ಹಳೆಯದನ್ನು ಎದುರಿನ ಇಳಿಜಾರಿಗೆ, ಹೊಸತನ್ನು ಹಿಂದಿನದ್ದಕ್ಕೆ. ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಅಂತರ ಪುಸ್ತಕ ನೋಡಿ ಇಡಬೇಡಿ, ಕೈಯಲ್ಲಿರುವ ಹತ್ತು ಹೆಂಚು ಜೋಡಿಸಿ ಅಳೆದು ಇಡಿ.

ಪಕ್ಕಾಸಿನ ತುದಿ ಮಾತ್ರ ಕೊಳೆತಿದ್ದರೆ ಇಡೀ ಪಕ್ಕಾಸು ಬದಲಿಸುವುದು ದಂಡ. ಗಟ್ಟಿ ಮರ ಸಿಗುವವರೆಗೆ ಕೊಯ್ದು, ಅದೇ ಜಾತಿಯ ಒಣಗಿದ ಮರದಿಂದ ಓರೆ ಬೆಸುಗೆ. ಬೆಸುಗೆಯ ಉದ್ದ ಮರದ ಎತ್ತರದ ಮೂರು ಪಟ್ಟಿಗಿಂತ ಕಡಿಮೆ ಆಗಬಾರದು. ಬೋಲ್ಟು ಸ್ಟೈನ್‌ಲೆಸ್. ಇದನ್ನು ಮಾಡಬಲ್ಲ ಆಚಾರಿಗಳು ಈಗ ಕಡಿಮೆ. ಅವರ ಪರಿಚಯ ಇಟ್ಟುಕೊಳ್ಳುವುದೂ ನಿಮ್ಮ ಕೆಲಸದ ಭಾಗವೇ, ಅಕ್ಕ.

ಹೊಸದುರ್ಗದವ
ಬೇಕಲ ಕೋಟೆಯ ಹತ್ತಿರ ಹಳೇ ಮನೆ ಇದ್ದರೆ ಮುಟ್ಟುವ ಹಾಗೇ ಇಲ್ಲವಂತೆ, ನೂರು ಮೀಟರ್ ಕಾನೂನು. ಹಾಗಾದರೆ ಅಲ್ಲಿ ಆರ್ಕಿಟೆಕ್ಟಿಗೆ ಎಂತ ಕೆಲಸ?

ಮಂಜೇಶ್ವರ ಸೈಡ್
ಇದು ಎಲ್ಲರೂ ತಪ್ಪು ತಿಳಿದಿರುವುದು. ಬೇಕಲ ಕೇಂದ್ರ ಪುರಾತತ್ವ ಇಲಾಖೆಯದ್ದು, ತ್ರಿಶೂರ್ ವೃತ್ತಕ್ಕೆ ಸೇರಿದ್ದು. 1958ರ ಸ್ಮಾರಕ ಸಂರಕ್ಷಣೆ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಪ್ರಕಾರ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಿಷೇಧಿತ ಜಾಗದಲ್ಲಿ ಹೊಸ ಕಟ್ಟಡ ಇಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲು ಕಟ್ಟಿದ ಮನೆಗೆ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ ಸಿಗ್ತದೆ. ಅರ್ಜಿಗೆ ಸರಿಯಾದ ಅಳತೆ ನಕ್ಷೆ, ಫೋಟೋ, ಮನೆ ಎಂದಿನದು ಎಂಬುದಕ್ಕೆ ದಾಖಲೆ ಬೇಕು. ಅದನ್ನು ಮಾಡಿಕೊಡುವುದೇ ಕೆಲಸ. ಚಂದ್ರಗಿರಿ ಕೋಟೆ ರಾಜ್ಯ ಇಲಾಖೆಯದ್ದು, ಅಲ್ಲಿ ಕೇರಳದ 1968ರ ಕಾಯ್ದೆ. ಎರಡನ್ನೂ ಕಲಸಬೇಡಿ.

ಮುರಕಲ್ಲು
ದಾಖಲೆ ಅಂದಾಗ ನೆನಪಾಯಿತು. 1956ರ ನವೆಂಬರ್ 1ಕ್ಕಿಂತ ಮೊದಲು ಇದು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ. ಮನೆತನದ ಕಾಗದ ಪತ್ರ, ಹಳೇ ಭೂದಾಖಲೆ ಎಲ್ಲ ಕನ್ನಡದಲ್ಲಿ. ಇಂದಿನ ಕಚೇರಿ ಮಲಯಾಳ. ಹಳೇ ಕನ್ನಡ ಕೈಬರಹ ಓದಿ, ಮಲಯಾಳದಲ್ಲಿ ಅರ್ಜಿ ಬರೆದು, ಮೇಸ್ತ್ರಿಗೆ ತುಳುವಿನಲ್ಲಿ ಹೇಳಬಲ್ಲ ಸಂರಕ್ಷಣಾ ಆರ್ಕಿಟೆಕ್ಟ್ ಡೆಲ್ಲಿಯಿಂದ ಬರುವುದಿಲ್ಲ. ಗಡಿನಾಡಿನವರಿಗೆ ಇರುವ ಒಂದೇ ಒಂದು ಲಾಭ ಇದು, ಹಿಡಿದುಕೊಳ್ಳಿ.

ಕುಂಬಳೆ ಕಟ್ಟೆ
ಲಾಭ ಸರಿ. ಫೀಸು?

ಲೆವೆಲ್ ಟ್ಯೂಬ್
ಫೀಸಿನಲ್ಲೇ ಹೆಚ್ಚಿನವರು ಮುಳುಗುವುದು. ಹೊಸ ಮನೆಯ ಹಾಗೆ ಖರ್ಚಿನ ಮೇಲೆ ಶೇಕಡಾ ಅಂತ ಒಪ್ಪಬೇಡಿ. ನೀವು ಹತ್ತು ಪಕ್ಕಾಸು ಉಳಿಸಿದರೆ ನಿಮ್ಮ ಫೀಸೇ ಕಡಿಮೆ ಆಗ್ತದೆ, ಕೆಡವಿದವನಿಗೆ ಜಾಸ್ತಿ. ಮೂರು ತುಂಡು ಮಾಡಿ: ಅಳತೆ ನಕ್ಷೆ ಮತ್ತು ಹಾನಿ ವರದಿಗೆ ಒಂದು ಇಡಿಗಂಟು, ಅಂದಾಜುಪಟ್ಟಿಗೆ ಒಂದು, ಸೈಟಿಗೆ ಬಂದ ಪ್ರತಿ ದಿನಕ್ಕೆ ಇಷ್ಟು. ಮೊದಲನೆಯದರ ಹಣ ಬಾರದೆ ಎರಡನೆಯದಕ್ಕೆ ಹೋಗಬೇಡಿ. ವರದಿ ತೆಗೆದುಕೊಂಡು ಮಾಯವಾಗುವವರು ಎಲ್ಲ ಊರಲ್ಲೂ ಉಂಟು.

ಅಂದಾಜಿನಲ್ಲಿ 15–20 ಶೇಕಡಾ ಬದಿಗಿಡಿ, ಮಾಡು ಬಿಚ್ಚಿದ ಮೇಲೆ ಕಾಣುವ ಹಾನಿ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಸರ್ಕಾರಿ ಟೆಂಡರಿನಲ್ಲಿ ಅತಿ ಕಡಿಮೆ ಹೇಳಿದವನಿಗೇ ಕೆಲಸ; ಸುಣ್ಣದ ಸಾರಣೆಗೆ ಸಿಮೆಂಟಿನ ರೇಟು ಹಾಕಿ ಗೆದ್ದು, ಆಮೇಲೆ ಸುಣ್ಣಕ್ಕೆ ಸಿಮೆಂಟ್ ಬೆರೆಸ್ತಾರೆ. ಷರತ್ತಿನಲ್ಲೇ ಬರೆಯಿರಿ: ಮಾದರಿ ತುಂಡು ಒಪ್ಪಿಗೆಯಾಗದೆ ಮೊದಲ ಬಿಲ್ಲು ಇಲ್ಲ.

ಪಕ್ಕಾಸು-ರೀಪು
ದೇವಸ್ಥಾನದ ಕೆಲಸವನ್ನು ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹಣ ಇರುವುದು ಅಲ್ಲೇ. ಆದರೆ ಅಲ್ಲಿ ಅಷ್ಟಮಂಗಲ ಪ್ರಶ್ನೆ, ತಂತ್ರಿಗಳ ಮಾತು, ಆಡಳಿತ ಸಮಿತಿ, ಹಲವು ಕಡೆ ಮಲಬಾರ್ ದೇವಸ್ವಂ ಬೋರ್ಡು, ಇಷ್ಟು ಜನರ ನಂತರ ನೀವು. ಬ್ರಹ್ಮಕಲಶದ (ಕೆಲಸ ಮುಗಿದ ಮೇಲಿನ ಪುನಃಪ್ರತಿಷ್ಠೆಯ) ಮುಹೂರ್ತ ಮೊದಲು ಗೊತ್ತಾಗ್ತದೆ, ಕೆಲಸ ಅದಕ್ಕೆ ಹಿಂದಿನಿಂದ ಲೆಕ್ಕ. ಪತ್ತನಾಜೆಯ (ಜಾತ್ರೆ, ಕೋಲಗಳೆಲ್ಲ ಮುಗಿಯುವ ಮೇ ಕೊನೆಯ ದಿನ) ಒಳಗೆ ಎಲ್ಲ ಮುಗಿಯಬೇಕು ಅಂತಾರೆ, ಸುಣ್ಣ ಪಂಚಾಂಗ ನೋಡಿ ಗಟ್ಟಿಯಾಗುವುದಿಲ್ಲ. ಬಾಲಾಲಯ (ದೇವರನ್ನು ತಾತ್ಕಾಲಿಕ ಗುಡಿಗೆ ಸಾಗಿಸುವುದು) ಆದ ಕೂಡಲೇ ಗರ್ಭಗುಡಿಯ ಅಳತೆ ಮುಗಿಸಿಬಿಡಿ, ಮತ್ತೆ ಒಳಗೆ ಬಿಡುವುದಿಲ್ಲ. ಮಧೂರಿನಂಥ ಮೂರು ನೆಲೆಯ ಗಜಪೃಷ್ಠದ (ಆನೆಯ ಬೆನ್ನಿನ ಹಾಗೆ ದುಂಡಗಿನ) ಮಾಡಿನಲ್ಲಿ ಪ್ರತಿ ಪಕ್ಕಾಸಿನ ಕೋನ ಬೇರೆ. ನಂಬರ್ ಹಾಕದೆ ಒಂದನ್ನು ಬಿಚ್ಚಿದರೂ ವಾಪಸು ಕೂರಿಸಲಿಕ್ಕೆ ಆಗುವುದಿಲ್ಲ.

ಚೆರ್ಕಳ ಸಿವಿಲ್
ಸಮಿತಿಯವರು ಹೇಳುವುದರಲ್ಲೂ ನ್ಯಾಯ ಉಂಟು. ಭಕ್ತರು ಹಣ ಕೊಡುವುದು ಹೊಸತು ಕಾಣಲಿ ಅಂತ. ಹಳೇ ಗೋಡೆ ಉಳಿಸಿದ್ದಕ್ಕೆ ರಶೀದಿ ಹರಿಯುವವರು ಯಾರು?

ಸುಣ್ಣದ ಗೂಡು
ಅದು ಸತ್ಯವೇ. ಅದಕ್ಕೆ ಉತ್ತರ ಅಂದಾಜುಪಟ್ಟಿಯಲ್ಲಿ ಕೊಡಬೇಕು, ಭಾಷಣದಲ್ಲಿ ಅಲ್ಲ. ಕೆಡವಿ ಕಟ್ಟುವುದು, ಉಳಿಸಿ ರಿಪೇರಿ, ಎರಡರ ಖರ್ಚೂ ಪಕ್ಕಪಕ್ಕ ಇಡಿ. ಹೊಸ ಹಲಸು, ತೇಗದ ರೇಟು ಬರೆದ ಸಾಲಿಗೆ ಬಂದಾಗ ಸಮಿತಿ ತಾನಾಗಿ ಸುಮ್ಮನಾಗ್ತದೆ.

ಚೆರ್ಕಳ ಸಿವಿಲ್
ಇದು ಒಪ್ಪುವ ಮಾತು.

ಹೊಸದುರ್ಗದವ
ರೆಸಾರ್ಟಿನವರು ಹಳೇ ಮನೆ ತೆಗೆದುಕೊಂಡು ಕಲ್ಲು ಕಾಣುವ ಹಾಗೆ ಸಾರಣೆ ತೆಗೆಸಿ ವಾರ್ನಿಷ್ ಹೊಡೆಸ್ತಾರೆ. ನೋಡಲು ಚೆಂದ. ಅದು ಸರಿಯಾ?

ಮುರಕಲ್ಲು
ಸರಿಯಲ್ಲ. ಮುರಕಲ್ಲು ಗಾಳಿಗೆ ಬಿದ್ದು ಮುಖ ಗಟ್ಟಿಯಾಗಿರುತ್ತದೆ. ಚೆಂದಕ್ಕೆ ಅಂತ ಮತ್ತೆ ಕೆತ್ತಿ ಸಪಾಟು ಮಾಡಿದರೆ ಮೆದು ಹೊಟ್ಟೆ ಹೊರಗೆ ಬರ್ತದೆ, ಮಳೆಗೆ ಜೇಡಿ ತೊಳೆದುಹೋಗಿ ತೂತು ದೊಡ್ಡದಾಗ್ತದೆ. ಮೇಲೆ ವಾರ್ನಿಷ್ ಹೊಡೆದರೆ ಒಳಗಿನ ಹಸಿ ಅದರ ಹಿಂದೆ ನಿಂತು ಬಿಳಿ ಪೊರೆ ಏಳ್ತದೆ.

ಪಯಸ್ವಿನಿ ದಡ
ಎಲ್ಲರಿಗೂ ಥ್ಯಾಂಕ್ಸ್. ಕೊನೆಯದು: ಬಿ.ಆರ್ಕ್ ಆದ ಕೂಡಲೇ ಎಂ.ಆರ್ಕ್ ಸೇರುವುದಾ, ಒಂದೆರಡು ವರ್ಷ ಸೈಟಿನಲ್ಲಿ ಇದ್ದು ಹೋಗುವುದಾ?

ಲೆವೆಲ್ ಟ್ಯೂಬ್
ಸೈಟು ಮೊದಲು. ಈ ಬೇಸಿಗೆಯಲ್ಲೇ ಪರಿಚಯದ ಒಂದು ಹಳೇ ಮನೆ ಹಿಡಿದು ಪೂರ್ತಿ ಅಳತೆ ನಕ್ಷೆ, ಹಾನಿ ನಕ್ಷೆ ಮಾಡಿ. ಸಂದರ್ಶನದಲ್ಲಿ ಹತ್ತು ಥ್ರೀಡಿ ಚಿತ್ರಕ್ಕಿಂತ ಅದಕ್ಕೆ ಬೆಲೆ.

ಚಂದ್ರಗಿರಿ ಲ್ಯಾಬ್
ನಾನು ಒಪ್ಪುವುದಿಲ್ಲ. ಸೈಟಿಗೆ ಹೋದವರು ಎಷ್ಟೋ ಮಂದಿ ಸಂಬಳದ ರುಚಿ ಹತ್ತಿ ಓದಿಗೆ ವಾಪಸು ಬರುವುದಿಲ್ಲ. ಗೇಟ್ ಅಂಕ ಮೂರು ವರ್ಷ ನಡೀತದೆ, ಈಗಲೇ ಬರೆದಿಡಿ. ಆಮೇಲೆ ಬೇಕಾದರೆ ಒಂದು ವರ್ಷ ಸೈಟು.

ಕುಂಬಳೆ ಕಟ್ಟೆ
ವಿಷಯ ಬಿಟ್ಟು ಒಂದು ಪ್ರಶ್ನೆ. ನಮ್ಮ ಮುಚ್ಚಿಗೆಯ (ಮರದ ಒಳಛಾವಣಿಯ) ಹಲಿಗೆಯಲ್ಲಿ ತುಂಬಾ ಸಣ್ಣ ತೂತು ಉಂಟು. ಎಣ್ಣೆ ಹೊಡೆಯಬೇಕಾ?

ಪಕ್ಕಾಸು-ರೀಪು
ತೂತು ಇದ್ದ ಮಾತ್ರಕ್ಕೆ ಹುಳ ಉಂಟು ಅಂತ ಅಲ್ಲ, ತಿಂದು ಹೋಗಿ ಎಷ್ಟೋ ವರ್ಷ ಆಗಿರಬಹುದು. ಹಲಿಗೆ ಗುಡಿಸಿ, ಕೆಳಗೆ ಕಪ್ಪು ಕಾಗದ ಹರಡಿ ತಾರೀಕು ಬರೆದು ಒಂದು ತಿಂಗಳು ಬಿಡಿ. ಹೊಸ ಹಿಟ್ಟು ಬಿದ್ದರೆ ಬೊರಾಕ್ಸ್-ಬೋರಿಕ್ ಆಸಿಡ್ ದ್ರಾವಣ ಬ್ರಶ್ಶಿನಲ್ಲಿ ಎರಡು ಸಲ. ಮಳೆ ತಾಗುವ ಮರಕ್ಕೆ ಅದು ಬೇಡ, ತೊಳೆದು ಹೋಗ್ತದೆ. ಹಿಟ್ಟು ಬೀಳದಿದ್ದರೆ ಏನೂ ಹೊಡೆಯಬೇಡಿ.